ಒಥೆಲೊ: ಯಾವ ಪ್ರತಿ ಹಿಡಿದು ಓದಬೇಕು?

ಮಾನ್ಯ ಸಂಪಾದಕರೆ,

ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಇಂಗ್ಲಿಷ್ ಬಿ.ಎ., ಎಂ.ಎ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: 'ಶೇಕ್ಸ್‌ಪಿಯರ್‌ಗೆ ಯಾವ ರೆಫರೆನ್ಸ್ ನೋಡಬೇಕು?' ಅಂಗಡಿಯವರು ಗೈಡ್ ಕೊಡುತ್ತಾರೆ, ಸೀನಿಯರ್‌ಗಳು ಪಿಡಿಎಫ್ ಕಳಿಸುತ್ತಾರೆ, ಮೊಬೈಲಿನ ಚಾಟ್‌ಬಾಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಪುಸ್ತಕಗಳ ಪಟ್ಟಿ ಒದಗಿಸುತ್ತದೆ. ವಿಮರ್ಶೆಗೆ ಬರವಿಲ್ಲ. ನಾಟಕದ ಯಾವ ಪ್ರತಿಯನ್ನು ಮುಂದಿಟ್ಟುಕೊಂಡು ಆ ವಿಮರ್ಶೆ ಓದಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಲವು ಪಠ್ಯಕ್ರಮಗಳಲ್ಲಿ 'ಶೇಕ್ಸ್‌ಪಿಯರ್: ಒಥೆಲೊ' ಎಂದಷ್ಟೇ ಇರುತ್ತದೆ, ಸಂಪಾದಕರ ಹೆಸರಾಗಲಿ, ಮುದ್ರಣದ ವರ್ಷವಾಗಲಿ ಇರುವುದಿಲ್ಲ. ಇದರಿಂದ ಏನು ಎಡವಟ್ಟಾಗುತ್ತದೆ ಎಂಬುದಕ್ಕೆ ಆ ನಾಟಕದ್ದೇ ಒಂದು ಸಾಲು ತೆಗೆದುಕೊಳ್ಳೋಣ.

ಐದನೇ ಅಂಕದ ಕೊನೆ. ಹೆಂಡತಿ ಡೆಸ್ಡೆಮೋನಾಳನ್ನು ಕೊಂದ ಒಥೆಲೊ ತಾನು ಸಾಯುವ ಮುನ್ನ ಹೇಳುತ್ತಾನೆ: ತನ್ನ ಇಡೀ ಕುಲಕ್ಕಿಂತ ಬೆಲೆಬಾಳುವ ಮುತ್ತನ್ನು ಕೈಯಾರೆ ಎಸೆದ ಒಬ್ಬ ಹೀನನ ಹಾಗೆ ನಾನು ಎಂದು. ಆ ಹೀನ ಯಾರು? ೧೬೨೨ರ ಕ್ವಾರ್ಟೊದಲ್ಲಿ, ಅಂದರೆ ಈ ನಾಟಕವೊಂದನ್ನೇ ಬಿಡಿಯಾಗಿ ಅಚ್ಚುಹಾಕಿದ ಸಣ್ಣ ಪುಸ್ತಕದಲ್ಲಿ, ಆತ 'ಇಂಡಿಯನ್'. ಮರುವರ್ಷ ಬಂದ ಫೋಲಿಯೊದಲ್ಲಿ, ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಆಕಾರದ ಸಂಕಲನದಲ್ಲಿ, 'ಯೂಡಿಯನ್', ಅಂದರೆ ಜೂಡಿಯಾ ನಾಡಿನವನು. ಆಗಿನ ಅಚ್ಚಿನಲ್ಲಿ ಐ ಮತ್ತು ಜೆ ಬೇರೆ ಬೇರೆ ಅಕ್ಷರಗಳಾಗಿರಲಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ನೋಡಿ, ಎರಡು ಪದಗಳ ನಡುವೆ ಎರಡೇ ಅಕ್ಷರ ವ್ಯತ್ಯಾಸ: ಎನ್ ಇದ್ದಲ್ಲಿ ಯು, ಐ ಇದ್ದಲ್ಲಿ ಇ. ಎನ್ ಅಕ್ಷರದ ಮೊಳೆಯನ್ನು ತಲೆಕೆಳಗಾಗಿ ಜೋಡಿಸಿದರೆ ಅದೇ ಯು ಆಗುತ್ತದೆ. ಹಾಗಾಗಿ ತಪ್ಪು ಯಾವ ಕಡೆಯಿಂದ ಯಾವ ಕಡೆಗೆ ಆಯಿತೆಂದು ಅಚ್ಚನ್ನಷ್ಟೇ ನೋಡಿ ತೀರ್ಮಾನಿಸುವುದು ಕಷ್ಟ.

ಅರ್ಥದಲ್ಲಿ ಮಾತ್ರ ಅಜಗಜಾಂತರ. 'ಇಂಡಿಯನ್' ಎಂದಾದರೆ ಮುತ್ತುರತ್ನಗಳ ಬೆಲೆಯೇ ಗೊತ್ತಿಲ್ಲದ ಜನರ ಬಗ್ಗೆ ಯುರೋಪಿನ ಯಾತ್ರಿಕರು ಹಬ್ಬಿಸಿದ ಕತೆಗಳು ನೆನಪಾಗುತ್ತವೆ. ಆ ಇಂಡಿಯನ್ ನಮ್ಮ ಕಡೆಯವನೇ ಆಗಬೇಕೆಂದೂ ಇಲ್ಲ, ಅಮೆರಿಕದವನೂ ಆಗಬಹುದು. 'ಯೂಡಿಯನ್' ಎಂದಾದರೆ ಯೇಸುವನ್ನು ಹಿಡಿದುಕೊಟ್ಟ ಜೂಡಾಸ್, ಇಲ್ಲವೇ ಸಂಶಯಕ್ಕೆ ಬಿದ್ದು ಹೆಂಡತಿಯನ್ನೇ ಕೊಲ್ಲಿಸಿದ ಹೆರೋದ್ ರಾಜ. 'ಇಂಡಿಯನ್'ನದು ತಿಳಿಯದೆ ಆದ ತಪ್ಪು, 'ಯೂಡಿಯನ್'ನದು ತಿಳಿದೂ ಮಾಡಿದ ದ್ರೋಹ. ಒಥೆಲೊ ತನ್ನನ್ನು ಯಾವುದಕ್ಕೆ ಹೋಲಿಸಿಕೊಳ್ಳುತ್ತಿದ್ದಾನೆ ಎಂಬುದರ ಮೇಲೆ ಇಡೀ ಕೊನೆಯ ಭಾಷಣದ ಓದು ನಿಂತಿದೆ. ವಸಾಹತುಶಾಹಿಯ ಬಗ್ಗೆ ಬರೆಯ ಹೊರಟ ನಮ್ಮ ವಿದ್ಯಾರ್ಥಿಗಳಿಗೆ 'ಇಂಡಿಯನ್' ಕಂಡರೆ ಹಬ್ಬ. ಅದರ ಮೇಲೆ ಇಪ್ಪತ್ತು ಪುಟ ಕಟ್ಟಿದ ಮೇಲೆ ವೈವಾದಲ್ಲಿ ಯಾರಾದರೂ 'ಫೋಲಿಯೊದಲ್ಲಿ ಏನಿದೆ?' ಎಂದರೆ ಉತ್ತರವಿರುವುದಿಲ್ಲ. ಈ ಒಂದೇ ಪದದ ಜಗಳದ ಮೇಲೆ ರಿಚರ್ಡ್ ಲೆವಿನ್ ೧೯೮೨ರಲ್ಲಿ 'ಶೇಕ್ಸ್‌ಪಿಯರ್ ಕ್ವಾರ್ಟರ್ಲಿ'ಯಲ್ಲಿ ಲೇಖನ ಬರೆದಿದ್ದಾರೆ. ಮೊದಲು ಓದಬೇಕಾದದ್ದು ಅದು.

ತಮಾಷೆಯೆಂದರೆ, ನಮ್ಮ ಹುಡುಗರು ಹೆಚ್ಚಾಗಿ ಬಳಸುವ ಎರಡು ಉಚಿತ ಜಾಲತಾಣಗಳಲ್ಲಿ ಈ ಸಾಲು ಎರಡು ಥರ ಇದೆ. ಎಂಐಟಿಯ ತಾಣದಲ್ಲಿ 'ಇಂಡಿಯನ್', ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದ ತಾಣದಲ್ಲಿ 'ಜೂಡಿಯನ್'. ಎರಡೂ ತಪ್ಪಲ್ಲ. ಎಂಐಟಿಯದು ೧೮೬೪ರ ಗ್ಲೋಬ್ ಆವೃತ್ತಿಯ ವಂಶದ ಪಠ್ಯ, ಟಿಪ್ಪಣಿ ಇಲ್ಲ, ಪಾಠಾಂತರವೂ (ಬೇರೆ ಪ್ರತಿಗಳಲ್ಲಿರುವ ಬೇರೆ ಪದಗಳ ಸೂಚನೆ) ಇಲ್ಲ. ಫೋಲ್ಜರ್‌ನದು ಬಾರ್ಬರಾ ಮೋವಟ್ ಮತ್ತು ಪಾಲ್ ವರ್ಸ್ಟೀನ್ ಫೋಲಿಯೊವನ್ನು ಆಧಾರವಾಗಿಟ್ಟುಕೊಂಡು ಸಂಪಾದಿಸಿದ್ದು. ಕ್ವಾರ್ಟೊದಿಂದ ತಂದ ಪದಗಳನ್ನು ಆವರಣ ಚಿಹ್ನೆಯೊಳಗೆ ಇಟ್ಟಿದ್ದಾರೆ. ಚಿಹ್ನೆಯ ಅರ್ಥ ಆಯಾ ನಾಟಕದ ಮುನ್ನುಡಿಯಲ್ಲೇ ಇದೆ. ಇದನ್ನು ಓದದೆ ಕಾಪಿ ಮಾಡಿ ಅಂಟಿಸಿದವರ ಪ್ರಬಂಧದಲ್ಲಿ ಆ ಆವರಣಗಳು ಅನಾಥವಾಗಿ ಉಳಿದಿರುತ್ತವೆ, ಏಕೆಂದು ಬರೆದವರಿಗೇ ಗೊತ್ತಿರುವುದಿಲ್ಲ. ದುಡ್ಡು ಖರ್ಚು ಮಾಡದೆ ಓದುವುದಾದರೆ ಫೋಲ್ಜರ್ ಹಿಡಿಯಿರಿ, ಪಿಡಿಎಫ್ ಇಳಿಸಿಕೊಳ್ಳಲು ಅಡ್ಡಿಯಿಲ್ಲ.

ಒಥೆಲೊದ ಕ್ವಾರ್ಟೊ, ಫೋಲಿಯೊಗಳ ನಡುವೆ ಇದೊಂದೇ ವ್ಯತ್ಯಾಸವಲ್ಲ. ಕ್ವಾರ್ಟೊದಲ್ಲಿ ಇಲ್ಲದ ಸುಮಾರು ೧೬೦ ಸಾಲುಗಳು ಫೋಲಿಯೊದಲ್ಲಿವೆ. ನಾಲ್ಕನೇ ಅಂಕದಲ್ಲಿ ಡೆಸ್ಡೆಮೋನಾ ಹಾಡುವ ವಿಲ್ಲೋ ಹಾಡು ಕ್ವಾರ್ಟೊ ಓದಿದವರಿಗೆ ಸಿಗುವುದಿಲ್ಲ. ಇತ್ತ ಕ್ವಾರ್ಟೊದಲ್ಲಿ, ಒಥೆಲೊನ ತಲೆಯಲ್ಲಿ ಸಂಶಯ ಬಿತ್ತುವ ಇಯಾಗೊ ಬಾಯಿ ತೆರೆದರೆ ದೇವರ ರಕ್ತದ ಮೇಲೆ ಆಣೆ. ಫೋಲಿಯೊದಲ್ಲಿ ಆ ಆಣೆ ಮಾಯ. ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ ಪ್ರತಿಸಲಕ್ಕೆ ೧೦ ಪೌಂಡ್ ದಂಡ ಎಂದು ೧೬೦೬ರಲ್ಲಿ ಕಾಯಿದೆ ಬಂದಿತ್ತು, ಅದರ ನೆರಳು ಇದು. 'ಇಯಾಗೊನ ಭಾಷೆ' ಎಂಬ ವಿಷಯ ಹಿಡಿದವರು ಫೋಲಿಯೊ ಪಠ್ಯ ಮಾತ್ರ ನೋಡಿದರೆ ಅವನ ಬಾಯಿಯ ಅರ್ಧ ಕೊಳಕು ತೊಳೆದ ಮೇಲೆ ನೋಡಿದ ಹಾಗೆ. ಮೂರನೇ ಅಂಕದ ಮೂರನೇ ದೃಶ್ಯದಲ್ಲಿ ಮಸಿ ಬಳಿದುಕೊಂಡ ಹೆಸರು ಯಾರದು? ಫೋಲಿಯೊದಲ್ಲಿ 'ನನ್ನ ಹೆಸರು', ೧೬೩೦ರ ಎರಡನೇ ಕ್ವಾರ್ಟೊದಲ್ಲಿ 'ಅವಳ ಹೆಸರು', ೧೬೨೨ರದರಲ್ಲಿ ಆ ಮಾತೇ ಇಲ್ಲ. ಒಥೆಲೊನ ಸಂಕಟ ಹೆಂಡತಿಯ ಮಾನದ್ದೋ, ತನ್ನ ಮಾನದ್ದೋ ಎಂದು ವಾದಿಸುವ ಮೊದಲು ಇದು ತಿಳಿದಿರಬೇಡವೆ?

ಕನ್ನಡ ಎಂ.ಎ. ಮಾಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಓಲೆಪ್ರತಿಗಳ ಪಾಠಾಂತರ, ಲಿಪಿಕಾರನ ಸ್ಖಾಲಿತ್ಯ, ಪ್ರಕ್ಷಿಪ್ತ, ಇವನ್ನೆಲ್ಲ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯ ಮೂಲಕ ಕಲಿತಿರುತ್ತಾರೆ. ಪಂಪನನ್ನು ಓದುವಾಗ ಅಡಿಟಿಪ್ಪಣಿ ನೋಡುವ ಕಣ್ಣು ಪಕ್ಕದ ಇಂಗ್ಲಿಷ್ ವಿಭಾಗಕ್ಕೆ ಹೋಗುವಷ್ಟರಲ್ಲಿ ಏಕೆ ಮುಚ್ಚಿಕೊಳ್ಳುತ್ತದೋ!

ಕೊಳ್ಳುವುದಾದರೆ ಆರ್ಡನ್, ಆಕ್ಸ್‌ಫರ್ಡ್, ನ್ಯೂ ಕೇಂಬ್ರಿಜ್ ಮಾಲೆಗಳಲ್ಲಿ ಒಂದು ಸಾಕು. ಆದರೆ 'ಆರ್ಡನ್' ಎಂದಷ್ಟೇ ಹೇಳಿ ಗ್ರಂಥಾಲಯದ ಕಪಾಟಿಗೆ ಕೈಹಾಕಬೇಡಿ. ಬೆನ್ನಿನ ಮೇಲೆ ಆರ್ಡನ್ ಎಂದಿರುವ ಒಥೆಲೊ ಮೂರು ಬಗೆಯದಿದೆ: ೧೯೦೩ರ ಹಾರ್ಟ್, ೧೯೫೮ರ ರಿಡ್ಲಿ, ೧೯೯೭ರ ಹಾನಿಗ್‌ಮನ್. ರಿಡ್ಲಿ ೧೬೨೨ರ ಕ್ವಾರ್ಟೊವನ್ನೇ ನೆಚ್ಚಿಕೊಂಡವರು. ಹಾನಿಗ್‌ಮನ್ ಎರಡನ್ನೂ ತೂಗಿ ನೋಡಿದವರು. ಅವರ ಪಠ್ಯಕ್ಕೆ ಅಯಾನಾ ಥಾಂಪ್ಸನ್ ಅವರ ಹೊಸ ಪ್ರಸ್ತಾವನೆ ಸೇರಿ ೨೦೧೬ರಲ್ಲಿ ಮರುಮುದ್ರಣ ಬಂದಿದೆ. ಇಂದಿನ ವಿದ್ಯಾರ್ಥಿಗೆ ಇದೇ ಒಳ್ಳೆಯದು, ಜನಾಂಗ ಮತ್ತು ರಂಗಪ್ರಯೋಗದ ಚರ್ಚೆಗೆ ಆ ಪ್ರಸ್ತಾವನೆಯೇ ಅರ್ಧ ದಾರಿ ತೋರಿಸುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಮೈಕೆಲ್ ನೀಲ್ ೨೦೦೬ರಲ್ಲಿ ಸಂಪಾದಿಸಿದ್ದು ಸಿಕ್ಕರೂ ಬಿಡಬೇಡಿ.

ಇಂಥ ಆವೃತ್ತಿಯ ಪುಟ ಮೂರು ಪಟ್ಟಿಯಾಗಿರುತ್ತದೆ. ಮೇಲೆ ನಾಟಕ, ಕೆಳಗೆ ಪದಾರ್ಥ ಮತ್ತು ವಿವರಣೆ, ಇನ್ನೊಂದು ಪಟ್ಟಿಯಲ್ಲಿ ಸಣ್ಣಕ್ಷರದ ಒಂದೆರಡು ಸಾಲು. ಎಲ್ಲರೂ ಹಾರಿಸುವುದು ಆ ಸಣ್ಣಕ್ಷರವನ್ನೇ. ಅದನ್ನು ಓದುವ ಬಗೆ ಹೀಗೆ: ಮೊದಲು ಸಾಲಿನ ಸಂಖ್ಯೆ, ಆಮೇಲೆ ಸಂಪಾದಕರು ಆರಿಸಿಕೊಂಡ ಪದ, ಅದರ ಮುಂದೆ ಮುಚ್ಚುವ ಚೌಕ ಆವರಣ, ಆ ಪದ ಸಿಕ್ಕ ಮೂಲದ ಗುರುತು, ಅರ್ಧವಿರಾಮ, ಕೈಬಿಟ್ಟ ಪದ, ಅದರ ಮೂಲದ ಗುರುತು. 'ಇಂಡಿಯನ್] ಕ್ಯೂ; ಯೂಡಿಯನ್ ಎಫ್' ಎಂದಿದ್ದರೆ ಸಂಪಾದಕರು ಕ್ವಾರ್ಟೊದ ಪದವನ್ನು ಹಿಡಿದು ಫೋಲಿಯೊದ್ದನ್ನು ಬಿಟ್ಟಿದ್ದಾರೆ ಎಂದರ್ಥ. ನೀವು ವಾದಕ್ಕೆ ಬಳಸುವ ಪ್ರತಿ ಉದ್ಧರಣೆಗೂ ಈ ಪಟ್ಟಿಯನ್ನೊಮ್ಮೆ ನೋಡಲು ಅರ್ಧ ನಿಮಿಷ ಸಾಕು. ಮೂಲವನ್ನೇ ಕಣ್ಣಾರೆ ನೋಡಬೇಕೆನ್ನುವವರಿಗೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ತನ್ನ ಫೋಲಿಯೊದ ಪುಟಗಳ ಚಿತ್ರಗಳನ್ನು ಉಚಿತವಾಗಿ ಇಟ್ಟಿದೆ. ಬ್ರಿಟಿಷ್ ಲೈಬ್ರರಿಯ ಕ್ವಾರ್ಟೊ ಪುಟಗಳ ಕೊಂಡಿ ಹಳೆಯ ಪುಸ್ತಕಗಳಲ್ಲಿ ಕೊಟ್ಟಿದ್ದು ತೆರೆಯದೆ ಹೋದರೆ ನಿಮ್ಮ ಇಂಟರ್‌ನೆಟ್ಟನ್ನು ಶಪಿಸಬೇಡಿ; ೨೦೨೩ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ಅವರ ಡಿಜಿಟಲ್ ವ್ಯವಸ್ಥೆಯೇ ಬುಡಮೇಲಾಯಿತು.

ಸಾಲಿನ ಸಂಖ್ಯೆಯದು ಇನ್ನೊಂದು ತಲೆನೋವು. ಮೇಲೆ ಹೇಳಿದ 'ಇಂಡಿಯನ್' ಸಾಲು ಗ್ಲೋಬ್‌ನಲ್ಲಿ ೩೫೦ರ ಒಳಗೇ ಬಂದರೆ ಫೋಲ್ಜರ್‌ನಲ್ಲಿ ೪೦೦ ದಾಟಿರುತ್ತದೆ. ಇಬ್ಬರು ಪಾತ್ರಧಾರಿಗಳು ಹಂಚಿಕೊಂಡ ಒಂದು ಪದ್ಯಸಾಲನ್ನು ಒಂದೆಂದು ಎಣಿಸಬೇಕೋ ಎರಡೆಂದೋ ಎಂಬುದರಿಂದ, ಗದ್ಯಭಾಗವಿದ್ದಲ್ಲಿ ಪುಟದ ಅಗಲದಿಂದ ಈ ಅಂತರ ಬೆಳೆಯುತ್ತ ಹೋಗುತ್ತದೆ. ವಿಮರ್ಶಕ ಒಂದು ಆವೃತ್ತಿಯ ಸಂಖ್ಯೆ ಕೊಟ್ಟಿರುತ್ತಾನೆ, ವಿದ್ಯಾರ್ಥಿ ಇನ್ನೊಂದರಿಂದ ಉದ್ಧರಿಸಿ ಆ ಸಂಖ್ಯೆಯನ್ನೇ ಹಾಕುತ್ತಾನೆ. ಒಂದೇ ಆವೃತ್ತಿಗೆ ಅಂಟಿಕೊಳ್ಳಿ, ಮೊದಲ ಅಡಿಟಿಪ್ಪಣಿಯಲ್ಲಿ ಅದರ ಹೆಸರು, ಸಂಪಾದಕರು, ವರ್ಷ ಬರೆಯಿರಿ, ಎಲ್ಲ ಸಂಖ್ಯೆಗಳನ್ನೂ ಅದಕ್ಕೇ ಹೊಂದಿಸಿ.

ಇನ್ನು ಪದಗಳು. ಗೊತ್ತಿಲ್ಲದ ಪದ ಯಾರಿಗೂ ಮೋಸ ಮಾಡುವುದಿಲ್ಲ, ಡಿಕ್ಷನರಿ ತೆರೆಯುತ್ತೇವೆ. ಗೊತ್ತಿದೆ ಎಂದುಕೊಂಡ ಪದವೇ ಗುಂಡಿಗೆ ಕೆಡಹುವುದು. ಇಯಾಗೊ ಒಥೆಲೊನ 'ಏನ್‌ಶಿಯಂಟ್'. ಇದನ್ನು 'ಹಳಬ', 'ಮುದುಕ' ಎಂದು ಬರೆದ ಉತ್ತರಪತ್ರಿಕೆಗಳುಂಟು. ಅದು 'ಎನ್‌ಸೈನ್' ಎಂಬುದರ ಅಪಭ್ರಂಶ, ದಂಡಿನ ಧ್ವಜ ಹಿಡಿಯುವ ಅಧಿಕಾರಿ. ಇಯಾಗೊನ ವಯಸ್ಸನ್ನು ನಾಟಕವೇ ಹೇಳುತ್ತದೆ, ನಾಲ್ಕೇಳಲ ೨೮. ಒಥೆಲೊನನ್ನು ಡೆಸ್ಡೆಮೋನಾಳ ಬೆನ್ನು ಹತ್ತಿದ ರೊಡರೀಗೊ 'ಎಕ್ಸ್‌ಟ್ರಾವಗಂಟ್' ಎನ್ನುವುದು ದುಂದುಗಾರ ಎಂದಲ್ಲ, ನೆಲೆಯಿಲ್ಲದೆ ಅಲೆಯುವವ ಎಂದು. 'ಫಾಂಡ್' ಅಂದರೆ ಅಕ್ಕರೆ ಅಲ್ಲ, ದಡ್ಡತನ. ಇದಕ್ಕೆಲ್ಲ ಅಲೆಕ್ಸಾಂಡರ್ ಸ್ಮಿಟ್ ೧೮೭೪-೭೫ರಲ್ಲಿ ತಂದ ಎರಡು ಸಂಪುಟದ ಶೇಕ್ಸ್‌ಪಿಯರ್ ಕೋಶ ಇವತ್ತಿಗೂ ಮೊದಲ ಆಸರೆ. ಹಳಗನ್ನಡಕ್ಕೆ ಕಿಟ್ಟೆಲ್ ಇದ್ದ ಹಾಗೆ. ಪರ್ಸಿಯಸ್ ತಾಣದಲ್ಲಿ ಉಚಿತವಾಗಿದೆ. ಅದು ಬಳಸುವುದು ಗ್ಲೋಬ್‌ನ ಸಾಲು ಸಂಖ್ಯೆ, ನಿಮ್ಮ ಪುಸ್ತಕದ್ದಲ್ಲ, ಇದು ನೆನಪಿರಲಿ.

ವ್ಯಾಕರಣಕ್ಕೆ ಆ್ಯಬಟ್ ೧೮೬೯ರಲ್ಲಿ ಬರೆದ ಪುಸ್ತಕ. ಅದರಲ್ಲಿ ೨೩೧ನೇ ಕಂಡಿಕೆಯಿಂದ 'ದೌ' (ನೀನು) ಮತ್ತು 'ಯು' (ನೀವು) ಕುರಿತು ಇರುವುದನ್ನು ಕನ್ನಡಿಗರು ಓದಲೇಬೇಕು, ಏಕೆಂದರೆ ಈ ವಿಷಯದಲ್ಲಿ ಇವತ್ತಿನ ಇಂಗ್ಲಿಷರಿಗಿಂತ ನಮಗೆ ಅನುಕೂಲ ಹೆಚ್ಚು. ಮೊದಲ ದೃಶ್ಯದಲ್ಲಿ ಡೆಸ್ಡೆಮೋನಾಳ ತಂದೆ ಬ್ರಬಾಂಶಿಯೊ ಮಹಡಿಯ ಮೇಲಿಂದ ಇಯಾಗೊನಿಗೆ 'ನೀನೊಬ್ಬ ನೀಚ' ಎಂದು ಏಕವಚನದಲ್ಲಿ ಬೈಯುತ್ತಾನೆ. ಇಯಾಗೊ ತಣ್ಣಗೆ ಬಹುವಚನದಲ್ಲಿ ತಿರುಗಿಸುತ್ತಾನೆ: 'ನೀವೊಬ್ಬರು ಸೆನೆಟರು.' ಬೈಗುಳಕ್ಕೆ ಮರ್ಯಾದೆಯಿಂದಲೇ ಬೈಗುಳ. ಇಂಗ್ಲಿಷಿನಲ್ಲೇ ಯೋಚಿಸುವ ಓದುಗ ಇದನ್ನು ಟಿಪ್ಪಣಿಯಿಂದ ಕಲಿಯಬೇಕು. ನಮ್ಮಲ್ಲಿ ಯಾವ ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಇದರ ಖಾರ ತಟ್ಟನೆ ತಿಳಿಯುತ್ತದೆ. ನೀನು-ನೀವು ಗುರುತು ಹಾಕಿಕೊಂಡು ಇಡೀ ನಾಟಕ ಓದಿದರೆ ಅದೇ ಒಂದು ಪ್ರಬಂಧದ ಸರಕು.

ಹಾಗೆಯೇ 'ಹಾನೆಸ್ಟ್'. ವಿಲಿಯಂ ಎಂಪ್ಸನ್ ೧೯೫೧ರ ತಮ್ಮ ಪುಸ್ತಕದಲ್ಲಿ ಈ ಪದ ಮತ್ತು 'ಹಾನೆಸ್ಟಿ' ಸೇರಿ ನಾಟಕದಲ್ಲಿ ೫೨ ಸಲ ಬರುತ್ತವೆ ಎಂದು ಲೆಕ್ಕ ಹಾಕಿ, ಒಂದು ಅಧ್ಯಾಯವನ್ನೇ ಅದರ ಮೇಲೆ ಕಟ್ಟಿದರು. ಓಪನ್ ಸೋರ್ಸ್ ಶೇಕ್ಸ್‌ಪಿಯರ್ ತಾಣದ ಪದಾನುಕ್ರಮಣಿಕೆಯಲ್ಲಿ ನೀವೇ ಹುಡುಕಿ ನೋಡಬಹುದು. ಲೆಕ್ಕ ತಾಳೆಯಾಗದಿದ್ದರೆ ಎಂಪ್ಸನ್ ತಪ್ಪೆನ್ನುವ ಮುಂಚೆ 'ಡಿಸ್‌ಹಾನೆಸ್ಟ್' ಸೇರಿತೋ ಬಿಟ್ಟಿತೋ, ಯಾವ ಪಠ್ಯದ ಮೇಲೆ ಎಣಿಸಿದಿರೋ ಪರೀಕ್ಷಿಸಿ.

ಆಕರ ಕತೆ ಇಟಲಿಯ ಚಿಂತಿಯೊ ೧೫೬೫ರಲ್ಲಿ ಪ್ರಕಟಿಸಿದ್ದು, ಹತ್ತು ಹತ್ತು ಕತೆಗಳ ಗುಂಪುಗಳಲ್ಲಿ ಮೂರನೆಯದರ ಏಳನೇ ಕತೆ. ಇಂಗ್ಲಿಷ್ ಅನುವಾದ ಜೆಫ್ರಿ ಬುಲ್ಲೊ ಸಂಪಾದಿಸಿದ ಎಂಟು ಸಂಪುಟಗಳ ಆಕರ ಮಾಲೆಯಲ್ಲಿ ಏಳನೆಯದರಲ್ಲಿದೆ. ಅದು ಸಿಗದಿದ್ದರೆ ಹಾನಿಗ್‌ಮನ್ ಆವೃತ್ತಿಯ ಅನುಬಂಧ ಸಾಕು. ಕೆಲವೇ ಪುಟಗಳ ಕತೆ, ಒಂದು ಸಂಜೆ ಸಾಕು. ಅದರಲ್ಲಿ ಹೆಸರಿರುವುದು ಡಿಸ್ಡೆಮೋನಾಗೆ ಮಾತ್ರ, ಉಳಿದವರು ಮೂರ್, ಧ್ವಜಧಾರಿ, ಕ್ಯಾಪ್ಟನ್. ಸಂಶಯಕ್ಕೆ ಸಾಕ್ಷಿಯಾಗುವ ಆಕೆಯ ಕರವಸ್ತ್ರವನ್ನು ಕದಿಯುವವನು ಸ್ವತಃ ಧ್ವಜಧಾರಿ, ತನ್ನ ಮಗುವನ್ನು ಆಕೆ ಎತ್ತಿಕೊಂಡಿದ್ದಾಗ. ಶೇಕ್ಸ್‌ಪಿಯರ್ ಆ ಮಗುವನ್ನು ಕಿತ್ತುಹಾಕಿ ಕರವಸ್ತ್ರವನ್ನು ಇಯಾಗೊನ ಹೆಂಡತಿ ಎಮಿಲಿಯಾಳ ಕೈಗೆ ಕೊಟ್ಟ. ಈ ಒಂದು ಬದಲಾವಣೆಯಿಂದ ಕೊನೆಯ ದೃಶ್ಯದಲ್ಲಿ ಬಾಯಿಬಿಡಬೇಕಾದವಳು ಯಾರು ಎಂಬುದೇ ಬದಲಾಯಿತು. ಗೈಡುಗಳಲ್ಲಿ 'ಆಕರ: ಚಿಂತಿಯೊ' ಎಂದು ಒಂದು ಸಾಲಿರುತ್ತದೆ, ಅಷ್ಟೆ.

ವಿಮರ್ಶೆಯನ್ನು ಒಂದೊಂದಾಗಿ ಬಿಡಿಬಿಡಿಯಾಗಿ ಓದುವುದಕ್ಕಿಂತ ಜಗಳವಾಗಿ ಓದಿದರೆ ತಲೆಗೆ ಹತ್ತುತ್ತದೆ. ೧೬೯೩ರಲ್ಲಿ ಥಾಮಸ್ ರೈಮರ್ ಇದನ್ನು ರಕ್ತಸಿಕ್ತ ಪ್ರಹಸನವೆಂದು ಗೇಲಿ ಮಾಡಿದ. ೧೯೦೪ರಲ್ಲಿ ಬ್ರ್ಯಾಡ್ಲಿ ಒಥೆಲೊನನ್ನು ಉದಾತ್ತ ನಾಯಕನಾಗಿ ಎತ್ತಿ ನಿಲ್ಲಿಸಿದರು. ೧೯೨೭ರಲ್ಲಿ ಎಲಿಯಟ್, ಆ ಕೊನೆಯ ಭಾಷಣದಲ್ಲಿ ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಿದ್ದಾನೆ ಅಷ್ಟೆ ಎಂದರು. ೧೯೩೭ರಲ್ಲಿ ಲೀವಿಸ್ ಬ್ರ್ಯಾಡ್ಲಿಯ ಮೇಲೆ ನೇರವಾಗಿ ಏರಿಹೋದರು. ೧೯೮೦ರಲ್ಲಿ ಗ್ರೀನ್‌ಬ್ಲಾಟ್, ೧೯೮೯ರಲ್ಲಿ ಭಾರತದಿಂದಲೇ ಹೊರಟ ಆನಿಯಾ ಲೂಂಬಾ ಚರ್ಚೆಯನ್ನು ಅಧಿಕಾರ, ಜನಾಂಗ, ಲಿಂಗದ ಕಡೆ ಹೊರಳಿಸಿದರು. ಬ್ರ್ಯಾಡ್ಲಿ ಗುಟೆನ್‌ಬರ್ಗ್ ತಾಣದಲ್ಲಿ ಉಚಿತ, ಐದು ಮತ್ತು ಆರನೇ ಉಪನ್ಯಾಸ ನೋಡಿ. ಅವರನ್ನು ಓದಿ ಅಲ್ಲಿಗೇ ನಿಲ್ಲುವುದು ನಮ್ಮಲ್ಲಿ ಹಳೆಯ ರೋಗ. ಉಚಿತವಾಗಿ ಸುಲಭದಲ್ಲಿ ಸಿಗುವುದು ಹೆಚ್ಚಾಗಿ ಹಳೆಯದೇ ಆದ್ದರಿಂದ ಅಂಟಿದ್ದು.

ಹೊಸ ಲೇಖನಗಳಿಗೆ ಮೂರು ಬಾಗಿಲುಗಳಿವೆ. ವಿದ್ವತ್ ಲೇಖನಗಳ ಡಿಜಿಟಲ್ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ ೧೦೦ ಲೇಖನಗಳನ್ನು ಪರದೆಯ ಮೇಲೆ ಉಚಿತವಾಗಿ ಓದಬಹುದು, ಇಳಿಸಿಕೊಳ್ಳಲಾಗುವುದಿಲ್ಲ. ಅಲ್ಲೇ ಫೋಲ್ಜರ್ ಜತೆ ಸೇರಿ ಮಾಡಿದ ಒಂದು ಸೌಲಭ್ಯವಿದೆ: ನಾಟಕದ ಯಾವುದೇ ಸಾಲನ್ನು ಒತ್ತಿದರೆ ಆ ಸಾಲನ್ನು ಉದ್ಧರಿಸಿದ ಲೇಖನಗಳು ಸಾಲಾಗಿ ಬರುತ್ತವೆ. ಸಂಶೋಧನೆ ಶುರುಮಾಡುವವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಎರಡನೆಯದು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ. ಕೇಂದ್ರ, ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಯುಜಿಸಿಯ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್ ಮೂಲಕ ಸಿಗುತ್ತದೆ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಪ್ರಕಾಶನಗಳ ನಿಯತಕಾಲಿಕಗಳೂ ಅದರಲ್ಲಿವೆ. ಲಾಗಿನ್ ಕೇಳಬೇಕಾದದ್ದು ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು. ಕೇಳದವರಿಗೆ ಅದು ಇದ್ದೂ ಇಲ್ಲದ ಹಾಗೆ. ಮೂರನೆಯದು ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ತಾಣ ಶೋಧಗಂಗಾ, ಅದನ್ನು ಎಚ್ಚರದಿಂದ ಬಳಸಬೇಕು. ಅಲ್ಲಿನ ಪ್ರಬಂಧಗಳ ಕೊನೆಯ ಗ್ರಂಥಸೂಚಿ ಉಪಯುಕ್ತ. ಒಳಗಿನ ಉದ್ಧರಣೆಗಳನ್ನು ಮಾತ್ರ ಮೂಲದಲ್ಲಿ ನೋಡದೆ ಎತ್ತಬಾರದು, ಒಬ್ಬರ ಅಚ್ಚುತಪ್ಪು ಐದು ಪ್ರಬಂಧಗಳಲ್ಲಿ ಸಂಸಾರ ಹೂಡಿರುತ್ತದೆ.

ಚಾಟ್‌ಬಾಟ್‌ಗಳ ಬಗ್ಗೆ ಒಂದು ಮಾತು. ಅವು ಕೊಡುವ ವಿಮರ್ಶಕರ ಹೆಸರು ನಿಜವಿರುತ್ತದೆ, ಪತ್ರಿಕೆಯ ಹೆಸರೂ ನಿಜ, ಎರಡರ ನಡುವಿನ ಲೇಖನ ಮಾತ್ರ ಎಷ್ಟೋ ಸಲ ಹುಟ್ಟೇ ಇರುವುದಿಲ್ಲ. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಜೆಸ್ಟೋರ್‌ನಲ್ಲೋ ಗೂಗಲ್ ಸ್ಕಾಲರ್‌ನಲ್ಲೋ ಹುಡುಕಿ. ಸಂಪುಟ, ವರ್ಷ, ಪುಟ ಮೂರೂ ಹೊಂದದಿದ್ದರೆ ಬಿಟ್ಟುಬಿಡಿ. ಸರಳ ಇಂಗ್ಲಿಷಿಗೆ ಇಳಿಸಿದ ಪಠ್ಯಗಳ ಸಾಲನ್ನು ಶೇಕ್ಸ್‌ಪಿಯರ್ ಬರೆದದ್ದೆಂದು ಉದ್ಧರಿಸುವುದೂ ಇದೇ ಜಾತಿಯ ತಪ್ಪು.

ಒಥೆಲೊ ಕನ್ನಡಕ್ಕೆ ಬಂದು ಶತಮಾನ ದಾಟಿದೆ. ಬಸವಪ್ಪ ಶಾಸ್ತ್ರಿಗಳ 'ಶೂರಸೇನ ಚರಿತ್ರೆ' ಇದರದೇ ರೂಪಾಂತರ, ಕೆ.ಎಸ್. ನಿಸಾರ್ ಅಹಮದ್ ನೇರವಾಗಿ ಅನುವಾದಿಸಿದ್ದಾರೆ. ಕನ್ನಡ ಅನುವಾದ ಕೈಗೆ ಬಂದರೆ ಮೊದಲು ಐದನೇ ಅಂಕದ ಆ ಸಾಲನ್ನು ತೆರೆದು, ಅನುವಾದಕರ ಮುಂದಿದ್ದ ಇಂಗ್ಲಿಷ್ ಪ್ರತಿ ಯಾವುದಿರಬಹುದು ಎಂದು ಊಹಿಸುವುದು ಒಳ್ಳೆಯ ಅಭ್ಯಾಸ.

ಅಧ್ಯಯನ ಮಂಡಳಿಗಳಲ್ಲಿ ಕೇಳುವುದು ಇಷ್ಟೇ: ಪಠ್ಯಕ್ರಮದಲ್ಲಿ ನಾಟಕದ ಹೆಸರಿನ ಮುಂದೆ ಸಂಪಾದಕರ ಹೆಸರು ಮತ್ತು ವರ್ಷ ಸೇರಿಸಿ, ಪ್ರಶ್ನೆಪತ್ರಿಕೆಯ ಉದ್ಧರಣೆಯನ್ನೂ ಅದೇ ಆವೃತ್ತಿಯಿಂದ ತೆಗೆಯಿರಿ. ಕಾಲೇಜು ಗ್ರಂಥಾಲಯಗಳು ಹತ್ತು ಗೈಡುಗಳ ದುಡ್ಡಿನಲ್ಲಿ ಟಿಪ್ಪಣಿಯಿರುವ ಒಂದು ಆವೃತ್ತಿಯ ಎರಡು ಪ್ರತಿ ತರಿಸಲಿ: ಒಂದು ಮನೆಗೆ ಕೊಡಲು, ಇನ್ನೊಂದು ಅಲ್ಲೇ ಕೂತು ಓದಲು.

ಪತ್ರ ಉದ್ದವಾಯಿತು. ಕತ್ತರಿಸಲೇಬೇಕಾದರೆ ವಿಮರ್ಶಕರ ಹೆಸರುಗಳನ್ನು ಕತ್ತರಿಸಿ, ಸಣ್ಣಕ್ಷರದ ಪಟ್ಟಿ ಓದುವ ಬಗೆಯನ್ನು ಉಳಿಸಿಕೊಡಿ.

ಇಂತಿ,
ಇಂಗ್ಲಿಷ್ ಅಧ್ಯಾಪಕರೊಬ್ಬರು, ಧಾರವಾಡ